ತಮಾಚಾ ಅಂದರೆ ತಮಾಷೆಯಲ್ಲ

ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ನಾನು ರಾಣಿ. ನನ್ನ ಮೇಲೆ ಕತ್ತಿ ಎತ್ತುವ ಸೇನಾಪತಿ ಹಟ್ಟಿಯ ಗಣಿಯಲ್ಲಿ ಕೆಲಸಕ್ಕಿದ್ದಾನೆ. ಪಾಳಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತ ಸಿಂಧನೂರಿಗೆ ಬರುತ್ತಾನೆ. ಇಬ್ಬರ ಕತ್ತಿಯೂ ತಗಡಿನದು. ಆದರೂ ಅಂಚು ಅಂಚೇ. ಅದಕ್ಕೆ ಹೊಡೆಯುವವರು ಹೊಡೆತದ ಹೆಸರನ್ನು ಮೊದಲು ಮೆಲ್ಲಗೆ ಹೇಳಬೇಕು. 'ತಮಾಚಾ' ಅಂದರೆ ಕತ್ತಿ ಎಡಗೆನ್ನೆಗೆ ಬರುತ್ತದೆ. 'ಬಾಹೇರಾ' ಅಂದರೆ ಬಲಭುಜಕ್ಕೆ. ಹೆಸರು ಕಿವಿಗೆ ಬಿದ್ದೊಡನೆ ನನ್ನ ಕೈ ನನ್ನನ್ನು ಕೇಳದೆ ಎದ್ದು ಅಡ್ಡ ನಿಲ್ಲುತ್ತದೆ.

ಕತ್ತಿವರಸೆಯ ಈ ಮಾತುಗಳನ್ನು ನನಗೆ ಕಲಿಸಿದ್ದು ನಮ್ಮ ಕಾಕಾ, ಮನೆಯ ಹಿತ್ತಲಲ್ಲಿ, ಕೈಗೆ ಜೋಳದ ದಂಟು ಕೊಟ್ಟು. ಹಾಗಂತ ನನ್ನ ನೆನಪು. ಸುತ್ತ ಬರೀ ಭತ್ತದ ಗದ್ದೆ, ಜೋಳದ ದಂಟು ಎಲ್ಲಿಂದ ಬಂತು ಎಂದು ಅಕ್ಕ ಕೇಳುತ್ತಾಳೆ. ಆಕೆಯ ಪ್ರಕಾರ ಅದು ಮುರಿದ ಕೊಡೆಯ ಕೋಲು. ಇರಬಹುದು. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಒಬ್ಬರ ನೆನಪಿನ ಮೇಲೆ ಏನನ್ನೂ ಕಟ್ಟಬಾರದು ಎಂದು ಗೊತ್ತು. ಆದರೆ ಕೈಗೆ ಬೇರೆ ಸಾಕ್ಷಿ ಬೇಕಿಲ್ಲ.

ಲಿಂಗಸುಗೂರಿನಲ್ಲಿ ನಾಟಕ ಸ್ಪರ್ಧೆ ಎಂದಾದಾಗ, ತಂಡ ಕಟ್ಟಿದ ನಿವೃತ್ತ ಕನ್ನಡ ಮೇಷ್ಟ್ರು ಹೊಡೆತಗಳ ಹೆಸರು ಬದಲಿಸಿದರು. ನಾವೆಲ್ಲ ಅವರನ್ನು ಸರ್ ಎನ್ನುತ್ತೇವೆ.

"ನಮ್ಮ ನಾಡಿನ ರಾಣಿ ಬಾಯಾಗ ಉರ್ದು ಯಾಕವ್ವಾ? ತಮಾಚಾಕ್ಕ 'ವಾಮಕಪೋಲ' ಅನ್ನು. ಬಾಹೇರಾಕ್ಕ 'ದಕ್ಷಿಣಸ್ಕಂಧ'."

"ಸರ, ಅಷ್ಟುದ್ದ ಹೆಸರು ಹೇಳೂದ್ರಾಗ ಹೆಣ ಬೀಳ್ತದರೀ," ಎಂದ ಸೇನಾಪತಿ.

"ಲೇ, ನೀ ಕತ್ತಿ ಬೀಸು. ಭಾಷಾ ನಾ ನೋಡ್ಕೋತೀನಿ."

ಬೀಸಿದ. 'ವಾಮಕ' ಎನ್ನುವಷ್ಟರಲ್ಲಿ ತಗಡು ನನ್ನ ಕಿವಿಗೆ ತಾಗಿತ್ತು. ರಕ್ತ ಕುತ್ತಿಗೆಯವರೆಗೆ ಇಳಿಯಿತು ಎಂದು ನನ್ನ ನೆನಪು. ಒಂದೇ ಹನಿ ಎಂದು ಅವನ ನೆನಪು. ಹೊಡೆದವನಿಗೆ ಕಡಿಮೆ ಕಾಣುವುದು ಸಹಜ.

"ತಪ್ಪಾತ್ರೀ ಅಕ್ಕಾ. ಬಾಯಿ ಇನ್ನಾ ಕಪೋಲಕ್ಕ ಮುಟ್ಟಿರಲಿಲ್ಲ, ಕೈ ಮುಟ್ಟಿಬಿಡ್ತು."

ಸರ್ ತಮ್ಮ ಕರವಸ್ತ್ರ ಕೊಟ್ಟರು. "ರೂಢಿ ಆದ್ರ ಸರಿ ಹೋಗ್ತದ. ಇನ್ನೊಂದಿಷ್ಟು ತಾಲೀಮು ಮಾಡ್ರಿ."

"ತಾಲೀಮು ಅಂದ್ರಲ್ಲ ಸರ, ಆ ಮಾತು ಎಲ್ಲಿಂದ ಬಂತ್ರಿ?" ಎಂದೆ ನಾನು.

"ಅದು ರೂಢಿಯಾಗ ಬಂದದ್ದು."

"ತಮಾಚಾ ಏನು ನಿನ್ನೆ ಬಂದದೇನ್ರಿ? ಇವತ್ತು ಕಿವಿ. ನಾಳೆ ಕಣ್ಣು ಹೋದ್ರ ನೀವು ಜವಾಬ್ದಾರಿ ತಗೋತೀರಿ?"

"ಜವಾಬ್ದಾರಿನೂ ಉರ್ದುನ ಅದರೀ," ಎಂದ ಸೇನಾಪತಿ, ಯಾರ ಪರವೆಂದು ತಿಳಿಯದ ಹಾಗೆ.

ಸರ್ ನಗಲಿಲ್ಲ. "ತಮಾಚಾ ಅನ್ನೂ ಮಾತು ಸ್ಟೇಜ್ ಮ್ಯಾಲೆ ಕೇಳ್ತು ಅಂದ್ರ, ನಮ್ಮ ತಂಡದಾಗ ಇದ ನಿನ್ನ ಕಡೀ ನಾಟಕ."

ಸ್ಪರ್ಧೆಯ ದಿನ ಟೆಂಪೋ ಮಸ್ಕಿಯಲ್ಲಿ ಚಹಾಕ್ಕೆ ನಿಂತಾಗ ಸೇನಾಪತಿಯನ್ನು ಪಕ್ಕಕ್ಕೆ ಕರೆದೆ. "ತಮ್ಮಾ, ನೀ ತಮಾಚಾ ಅಂತನ ಅನ್ನು."

"ಸರ ಬಿಡ್ತಾರೇನ್ರಿ?"

"ಪೆಟ್ಟು ಬೀಳೂದು ನನ್ನ ಮಾರಿಗಪ್ಪಾ. ಸರ ಮಾರಿಗಲ್ಲ."

ಲಿಂಗಸುಗೂರಿನ ವೇದಿಕೆಯಲ್ಲಿ ತಲೆಯ ಮೇಲೆಯೇ ಮೈಕು ತೂಗುಹಾಕಿದ್ದರು. ಅವನು ಮೆಲ್ಲಗೇ ಅಂದ. ನನ್ನ ಕೈ ಎದ್ದಿತು, ತಗಡಿಗೆ ತಗಡು ಬಡಿಯಿತು. ಹೊಡೆಯುವ ಸರದಿ ನನಗೆ ಬಂದಾಗ ನಾನು ಮೆಲ್ಲಗೆ ಅನ್ನಲಿಲ್ಲ. ಉದ್ದೇಶಪೂರ್ವಕವಾಗಿಯೇ ಕೂಗಿದೆ. ಮೈಮರೆತು ಕೂಗಿದೆ ಎಂದು ಆಮೇಲೆ ಕೆಲವರಿಗೆ ಹೇಳಿರಬಹುದು, ಅದನ್ನು ನಂಬಬೇಡಿ.

ನಾಟಕ ಮುಗಿದ ಮೇಲೆ ತೀರ್ಪುಗಾರರೊಬ್ಬರು ಮೈಕು ಹಿಡಿದರು. "ಅಭಿನಯ ಚೆನ್ನಾಗಿತ್ತು. ಆದರೆ ಯುದ್ಧದ ನಡುವೆ ರಾಣಿ 'ತಮಾಷಾ, ತಮಾಷಾ' ಎಂದು ಕೂಗಿದ್ದು ಉಚಿತವಲ್ಲ."

ಸರ್ ತಲೆ ತಗ್ಗಿಸಿದರು. ನಾನು ಕಿರೀಟ ತೆಗೆಯದೆ ಮುಂದೆ ಬಂದೆ. "ತಮಾಷಾ ಅಲ್ರಿ, ತಮಾಚಾ. ಮ್ಯಾಲೆ ಬರ್ರಿ, ತೋರಸ್ತೀನಿ."

ಜನ ಸಿಳ್ಳೆ ಹಾಕಿದರು. ಬಹುಮಾನ ಬರಲಿಲ್ಲ.

ಸಿಂಧನೂರಿನಲ್ಲಿ ಇಳಿಯುವಾಗ ಸರ್ ಹೇಳಿದರು: "ಇನ್ನ ನೀ ಬರಬ್ಯಾಡವ್ವಾ."

"ಬರ್ತೀನ್ರಿ," ಎಂದೆ. ಮನಸ್ಸಿನಲ್ಲಿ ಮಾತ್ರ ಅಂದುಕೊಂಡೆನೇ ಎಂಬ ಅನುಮಾನಕ್ಕೆ ಸೇನಾಪತಿಯನ್ನು ಕೇಳಿದೆ. ಬಾಯಿಬಿಟ್ಟೇ ಅಂದಿದ್ದೆನಂತೆ.

ಮುಂದಿನ ತಾಲೀಮಿಗೆ ಹೋದೆ. ಸರ್ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನನ್ನ ಪಾತ್ರಕ್ಕೆಂದು ತುರ್ವಿಹಾಳದಿಂದ ಕರೆಸಿದ್ದ ಹೆಣ್ಣುಮಗಳು ಕತ್ತಿಯನ್ನು ಸೌಟಿನಂತೆ ಹಿಡಿದು ನಿಂತಿದ್ದಳು. ಎದುರಿಗೆ ಹೋಗಿ ನಿಂತೆ.

"ಇದು ಎಡಗೆನ್ನಿಗೆ ಬರ್ತದ. ಮೊಣಕೈ ಎತ್ತು. ಹಾಂ, ಹಂಗ."

"ಇದಕ್ಕ ಏನಂತಾರ್ರೀ ಅಕ್ಕಾ?"

ಸರ್ ಕುರ್ಚಿಯಲ್ಲಿ ಕೂತು ನಮ್ಮ ಕಡೆಗೇ ನೋಡುತ್ತಿದ್ದರು. ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿಕೊಟ್ಟೆ.