ಸಲಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡ ತಪ್ಪು

ನನಗೆ ಪಾಠ ಹೇಳಿದ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇವತ್ತಿಗೂ ಆಗುವುದಿಲ್ಲ. ಆತ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು ಎಂಬುದರಿಂದ ನನ್ನ ಸಿಟ್ಟು ಹೆಚ್ಚಿದೆಯೇ ಹೊರತು ಇಳಿದಿಲ್ಲ.

ಹಿಂದೂಪುರದಲ್ಲಿ ನಮ್ಮ ನೇಕಾರರ ಬೀದಿಯ ಹಿಂದೆ ಒಂದು ಚರಂಡಿ. ಅದರಾಚೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಅಲ್ಲಿ ಆ ದಿನ ಯಾವ ಬಣ್ಣವೋ ಚರಂಡಿಗೂ ಅದೇ ಬಣ್ಣ. ಒಂದು ದಿನ ಮಾಲೀಕ ಬಾಗಿಲು ಮುಚ್ಚಿ ಕೈ ತೊಳೆದುಕೊಂಡು ಹೋದ. ಅವನ ಗುಂಡಿಗಳಲ್ಲಿ ಮೈಸುಡುವ ಕಾಸ್ಟಿಕ್ ಸೋಡಾ ಬೆರೆತ ಕೆಸರು ಹಾಗೇ ಉಳಿಯಿತು. ನಮ್ಮ ಬೋರಿನ ನೀರಲ್ಲಿ ಬೇಯಿಸಿದ ಅನ್ನಕ್ಕೆ ಸೋಪಿನ ರುಚಿ ಬರತೊಡಗಿತು.

ಆಮೇಲೆ ಯಾವುದೋ ಸಂಸ್ಥೆಯವರು ಬಂದರು. ಇಂಥ ಕೊಳಕಿನ ಪಕ್ಕ ಬದುಕುವ ಬಡವರಿಗೇ ಅದನ್ನು ತೆಗೆಯುವ ಕೆಲಸ ಕಲಿಸುತ್ತೇವೆ, ಪಾಸಾದವರಿಗೆ ಕೆಲಸ ಖಾತ್ರಿ ಎಂದರು. ನೋಡಿ ನ್ಯಾಯವನ್ನ! ಹೊಲಸು ಮಾಡಿದವನಿಗೆ ಯಾವ ತರಬೇತಿಯೂ ಬೇಕಿರಲಿಲ್ಲ, ಬಳಿಯುವ ನಮಗೆ ಮೂರು ತಿಂಗಳು. ಆದರೂ ಹೆಸರು ಕೊಟ್ಟೆ. ನಮ್ಮ ಮನೆಯ ಮಗ್ಗ ನಿಂತುಹೋಗಿತ್ತು. ಪೇಟೆಯ ಹುಣಸೆ ಮಂಡಿಯಲ್ಲಿ ಬೀಜ ಬಿಡಿಸಿ ಬಿಡಿಸಿ ನನ್ನ ಬೆರಳು ಬಿರಿದಿದ್ದವು. ನನಗೆ ಆ ಕೆಲಸ ಬೇಕೇ ಬೇಕಿತ್ತು.

ತರಬೇತಿ ಕಲ್ಯಾಣದುರ್ಗದಲ್ಲಿ. ಊರಾಚೆ ಒಂದು ಶೆಡ್ಡು, ಪಕ್ಕದಲ್ಲಿ ಕಲಿಕೆಗೆಂದೇ ತೋಡಿದ ಗುಂಡಿ, ಅದರಲ್ಲಿ ಎಲ್ಲಿಂದಲೋ ತಂದು ಸುರಿದ ನಿಜವಾದ ಕೆಸರು. ಅಲ್ಲಿಯ ಬಿಸಿಲಲ್ಲಿ ಪ್ಲಾಸ್ಟಿಕ್ ಅಂಗಿ, ಗಮ್ ಬೂಟು, ಎರಡೆರಡು ಗ್ಲೌಸು, ಮಾಸ್ಕು, ಕನ್ನಡಕ ಹಾಕಿಕೊಂಡು ನಿಂತರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಮೇಷ್ಟ್ರು ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಸೋಡಾ ಕುಡಿಯುತ್ತ ತೆಲುಗಿನಲ್ಲಿ ಬಯ್ಯುತ್ತಿದ್ದ. ನನ್ನನ್ನು ಒಂದು ದಿನವೂ ಹೆಸರಿಟ್ಟು ಕರೆಯಲಿಲ್ಲ. "ಏ ಹಿಂದೂಪುರಂ!" ಅಷ್ಟೇ.

ಪರೀಕ್ಷೆಯ ದಿನ ನಾನು ಗುಂಡಿಗೆ ಇಳಿದೆ. ಕೆಸರು ತುಂಬಿದೆ, ಡ್ರಮ್ಮಿನ ಬಾಯಿ ಭದ್ರ ಮಾಡಿದೆ, ಹೇಳಿದ ಹಾಗೆ ಮೇಲೆ ಬಂದೆ. ಒಂದು ಹನಿ ಆಚೆ ಚೆಲ್ಲಿರಲಿಲ್ಲ. ಸಲಿಕೆಯನ್ನು ಒರಗಿಸಿದೆ. ಒರಗಿಸಿ, ಅದನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡೆ.

ನಮ್ಮಲ್ಲಿ ಲಾಳಿ ಕೆಳಗಿಟ್ಟರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾರೂ ಮಗ್ಗದಿಂದ ಏಳುವುದಿಲ್ಲ. ಅನ್ನ ಕೊಡುವ ವಸ್ತು ಅದು. ನಡೆಯಲು ಕಲಿತಾಗಲೇ ಅಪ್ಪ ನನ್ನ ಕೈ ಹಿಡಿದು ಮಾಡಿಸಿದ್ದು. ನಾನು ಮಾಡಿದೆನೆಂದು ನನಗೇ ಗೊತ್ತಾಗಲಿಲ್ಲ. ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು. ಗ್ಲೌಸಿನ ಕೆಸರು ತಾಗಿ ಹುಬ್ಬಿನ ಮೇಲೆ ಸುಟ್ಟ ಕಲೆ ಇನ್ನೂ ಇದೆ.

ಮೇಷ್ಟ್ರು ಕುರ್ಚಿಯಿಂದ ಎದ್ದು ಓಡಿಬಂದು ನನ್ನ ಮುಖಕ್ಕೆ ಬಕೆಟ್ಟುಗಟ್ಟಲೆ ನೀರು ಹೊಯ್ದ. ಹೊಯ್ಯುತ್ತಲೇ ಕಿರುಚಿದ: "ಕಳ್ಳು ಪೋತಾಯಮ್ಮಾ! ಕಣ್ಣು ಹೋಗಿಬಿಡ್ತಿತ್ತು! ಫೇಲು ನೀನು, ಹೋಗು!"

ಎಲ್ಲರ ಮುಂದೆ ಹಾಗೆ ತೊಯ್ದು ನಿಂತ ನನಗೆ ಸಿಟ್ಟಿಗೆ ಮೈಯೆಲ್ಲ ಉರಿಯಿತು. "ಮೊದಲ್ನೇ ದಿನ ಕೆಸರೆತ್ತೋ ಪಂಪಿಗೆ ಕುಂಕುಮ ಇಟ್ಟು ಕಾಯಿ ಒಡೆದೋರು ನೀವೇ ತಾನೆ ಸಾರ್? ನೀವು ಮಾಡಿದ್ರೆ ಪೂಜೆ, ನಾನು ಮಾಡಿದ್ರೆ ತಪ್ಪಾ?"

"ಅವತ್ತು ಪಂಪಿಗೆ ವಿಷ ಅಂಟಿರಲಿಲ್ಲ" ಅಂದ.

ಇದಕ್ಕೆ ಏನು ಹೇಳುತ್ತೀರಿ? ಆ ಉತ್ತರಕ್ಕಾಗಿ ಆತನನ್ನು ನಾನು ಕ್ಷಮಿಸಿಲ್ಲ.

ಒಂದು ತಿಂಗಳ ನಂತರ ಇನ್ನೊಂದು ಅವಕಾಶ ಎಂದರು. ಆ ತಿಂಗಳು ನಾನು ಹಾಸ್ಟೆಲಿನ ಕೋಣೆಯಲ್ಲಿ ಪೊರಕೆ ಹಿಡಿದು, ಇಟ್ಟು, ಏಳುವ ಕೈಯನ್ನು ತೊಡೆಗೆ ಒತ್ತಿ ಹಿಡಿದೆ. ದಿನಕ್ಕೆ ನೂರು ಸಲ. ಸತ್ತ ಅಪ್ಪನ ಕೈಯನ್ನೇ ತಳ್ಳಿದ ಹಾಗೆ ಸಂಕಟವಾಗುತ್ತಿತ್ತು, ಅತ್ತೂ ಇದ್ದೇನೆ. ಕೊನೆಗೆ ಕೈ ಏಳುವುದನ್ನು ಬಿಟ್ಟಿತು. ಪಾಸಾದೆ. ಸರ್ಟಿಫಿಕೇಟು ಕೊಡುವಾಗ ಮೇಷ್ಟ್ರು ನನ್ನ ಮುಖ ನೋಡಲಿಲ್ಲ, ನಾನೂ ಆತನದನ್ನು ನೋಡಲಿಲ್ಲ.

ಕೆಲಸ ಸಿಕ್ಕಿದ್ದು ಹಿಂದೂಪುರದಲ್ಲೇ, ನಮ್ಮ ಬೀದಿಯ ಹಿಂದಿನ ಆ ಕಾರ್ಖಾನೆಯ ಗುಂಡಿಗಳಲ್ಲೇ. ಎಷ್ಟು ಉಬ್ಬಿ ಹೋಗಿದ್ದೆನೆಂದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನಿಂತೆ. ಕಾಂಟ್ರಾಕ್ಟರು ಒಂದು ಪ್ಲಾಸ್ಟಿಕ್ ಬಕೆಟ್ಟು, ಒಂದು ಸಲಿಕೆ ತಂದು ನನ್ನ ಮುಂದಿಟ್ಟ.

"ಗ್ಲೌಸು, ಬೂಟು?" ಅಂದೆ.

"ಅವೆಲ್ಲ ಟ್ರೈನಿಂಗ್‌ನಾಗೆ ಕಣಮ್ಮ. ಸೀರೆ ಎತ್ತಿ ಕಟ್ಕೊಂಡು ಇಳಿ. ಸಂಜೆ ಸೋಪು ಕೊಡಿಸ್ತೀನಿ."

"ಇಳಿಯಕಿಲ್ಲ."

"ಸರ್ಟಿಫಿಕೇಟು ಐತೆ ಅಂದಲ್ಲ? ಮತ್ಯಾಕೆ ತಗಂಡೆ ಅದನ್ನ?"

"ಹಿಂಗೆ ಇಳಿಬಾರ್ದು ಅಂತ ಗೊತ್ತೈತೆ ಅನ್ನಾಕೆ ಕೊಟ್ಟವ್ರೆ ಅದನ್ನ."

ಆತ ನಕ್ಕ. "ಹಂಗಾದ್ರೆ ಅದನ್ನೇ ಕಟ್ಟು ಹಾಕ್ಸಿ ಮನೆನಾಗಿಟ್ಕೋ. ಜನಕ್ಕೇನು ಬರ ಬಂದೈತಾ?"

ಮನೆಗೆ ವಾಪಸು ಬಂದು ಮೇಷ್ಟ್ರಿಗೆ ಫೋನ್ ಮಾಡಿದೆ. ಕಲಿಸುವುದಷ್ಟೇ ತನ್ನ ಕೆಲಸ, ಕಾಂಟ್ರಾಕ್ಟರು ಮಾಡುವುದಕ್ಕೆ ತಾನು ಹೊಣೆಯಲ್ಲ ಎಂದು ಇಟ್ಟುಬಿಟ್ಟ. ಸಂಸ್ಥೆಯವರು ಎತ್ತಲೇ ಇಲ್ಲ.

ಮೂರನೆಯ ದಿನ ತಡೆಯಲಾರದೆ ಗುಂಡಿಯ ಹತ್ತಿರ ಹೋದೆ. ಒಳಗೆ ಒಬ್ಬ ಹೆಂಗಸು ಮೊಣಕಾಲ ತನಕ ಕೆಸರಲ್ಲಿ ನಿಂತಿದ್ದಳು. ಬರಿಗೈ, ಬರಿಗಾಲು. ಪಕ್ಕದ ಪರಿಗಿ ಊರಿಂದ ಬಸ್ಸಿಗೆ ಬರುತ್ತಾಳಂತೆ. ಯಾವ ತರಬೇತಿಯೂ ಇಲ್ಲ. ಪಾದದ ಮೇಲೆ ಆಗಲೇ ಚರ್ಮ ಬೆಳ್ಳಗೆ ಸುಲಿದಿತ್ತು.

"ಮೇಲೆ ಬಾ ಕಣಮ್ಮ, ಅದು ಸುಟ್ಬುಡ್ತೈತೆ" ಎಂದು ಕೂಗಿದೆ. ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಕೈ ಮುಖಕ್ಕೆ ತಾಕಿಸಬೇಡ ಎಂದೆ, ಮೊದಲು ಹೇಗೆ ತೊಳೆಯಬೇಕು ಎಂದೆ. ಅವಳು ಸಲಿಕೆ ನಿಲ್ಲಿಸಿ ಕೊನೆಯವರೆಗೂ ಕೇಳಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ನೀನು ಬಿಟ್ಟ ಜಾಗಕ್ಕೇ ನಾನು ಬಂದಿರಾದು ಕಣಕ್ಕ" ಅಂದಳು. "ಇಲ್ಲಿಂದ ನನ್ನ ಎಬ್ಬಿಸಬ್ಯಾಡ."