ಇಳಿಜಾರಿಗೊಂದು ಕೊಂಬೆ

ನಿಲ್ಕುಂದ ದಾಟಿದ ಮೇಲೆ ರಸ್ತೆ ಒಮ್ಮೆಲೇ ಇಳಿಯುತ್ತದೆ. ನನ್ನ ಸೈಕಲ್ಲಿನ ಹಿಂದಿನ ಬ್ರೇಕ್ ರಬ್ಬರು ಪೂರ್ತಿ ಸವೆದಿತ್ತು. ಮುಂದಿನದೊಂದನ್ನೇ ನಂಬಿ ಇಳಿಯಲು ಧೈರ್ಯ ಸಾಲದೆ ತಳ್ಳಿಕೊಂಡು ಹೊರಟೆ. ಹಾಗೆ ಹೋದರೆ ಬೆಳಕಿರುವಾಗ ಸಿದ್ದಾಪುರ ಮುಟ್ಟುವಂತಿರಲಿಲ್ಲ.

ರಸ್ತೆ ಬದಿ ಕಟ್ಟಿಗೆ ಆಯುತ್ತಿದ್ದ ಹಿರಿಯರೊಬ್ಬರು ಕೇಳಿದರು, "ಎಂತ ತಂಗಿ, ಸೈಕಲ್ ಇದ್ದೂ ನಡ್ಕಂಡೇ ಹೊಂಟ್ಯಲ?"

ಬ್ರೇಕಿನ ವಿಷಯ ಹೇಳಿದೆ. ಅವರು ನನ್ನಷ್ಟೇ ಉದ್ದದ ಒಣ ಕೊಂಬೆಯೊಂದನ್ನು ಎಳೆತಂದು, ಕ್ಯಾರಿಯರಿಗೆ ಹಗ್ಗದಿಂದ ಬಿಗಿದರು.

"ಎತ್ತಿನಗಾಡಿಗೂ ಹಿಂಗೇ ಕಟ್ತಿದ್ವಿ. ಎತ್ತೇ ಹೆದರ್ತಿರ್ಲಿಲ್ಲ, ನಿಂಗೆಂತ ಹೆದ್ರಿಕೆ? ಕೆಳಗೆ ಮೊದಲನೇ ಮನೆ ಹತ್ರ ಬಿಚ್ಚಿಟ್ಟು ಹೋಗು."

ಅರೆಮನಸ್ಸಿನಿಂದಲೇ ಹತ್ತಿ ಕೂತೆ. ಕೊಂಬೆ ಡಾಂಬರನ್ನು ಕೆರೆಯುತ್ತ ಹಿಂದಕ್ಕೆ ಜಗ್ಗತೊಡಗಿತು. ಮೂರು ತಿರುವುಗಳಲ್ಲೂ ಮುಂದಿನ ಬ್ರೇಕನ್ನು ಸುಮ್ಮನೆ ಮುಟ್ಟಿದರೆ ಸಾಕಾಯಿತು.

ಕೆಳಗಿನ ಮನೆಯಿಂದ ಹೆಂಗಸೊಬ್ಬರು ಸದ್ದು ಕೇಳಿಯೇ ಕತ್ತಿ ಹಿಡಿದು ಬಂದರು. ನಾನು ಬಾಯಿ ತೆರೆಯುವ ಮೊದಲೇ ಹಗ್ಗ ಬಿಚ್ಚಿ, ಕೊಂಬೆಯನ್ನು ಎತ್ತಿ ನೋಡಿದರು.

"ನಮ್ಮನೆಯವ್ರು ಇಷ್ಟು ಸಣ್ಣದು ಕಟ್ಟಿದ್ರಾ? ನಿನ್ನೆ ಬಂದ ಸೈಕಲ್ಲಿನವ್ರು ಇದ್ರ ಎರಡರಷ್ಟು ತಂದ್ಕೊಟ್ಟಿದ್ರು."