ನಾಯಿ ಕುಂಯ್ ಎಂದ ದಿನ

ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಅಪ್ಪನದು ಆದೋನಿಯಲ್ಲಿ ಹತ್ತಿ ವ್ಯಾಪಾರ. ನಮ್ಮ ಅಂಗಳದ ನಾಯಿಯ ಭಾಷೆ ನನಗೊಬ್ಬಳಿಗೇ ಪೂರ್ತಿ ತಿಳಿಯುತ್ತಿತ್ತು. ಗಾಡಿ ಬಂದರೆ ಎರಡು ಚುಟುಕು ಬೊಗಳು. ಮೂಟೆಯೊಳಗೆ ಕೈ ತುರುಕಿ ಎಳೆ ಜಗ್ಗಿ ನೋಡುವ ದಲ್ಲಾಳಿ ಬಂದರೆ ಗಂಟಲಲ್ಲೇ ಗುರ್ರ್. ಹೊಸಬರು ಯಾರೇ ಬರಲಿ, ಊರೆಲ್ಲ ಒಂದು ಮಾಡುವಂಥ ರಂಪ. ಮೂಗಿನಿಂದ ಎಳೆದು ಕುಂಯ್ ಎನ್ನುವ ರಾಗ ಮಾತ್ರ ತನಗೆ ರೊಟ್ಟಿ ಹಾಕಿದವರಿಗಷ್ಟೇ ಮೀಸಲು.

ನನ್ನ ಬಾಯಿಯೇ ಮನೆಯವರಿಗೆ ತಲೆನೋವು. ಒಣಹಾಕಿದ ಹತ್ತಿಯಲ್ಲಿ ನಾಯಿ ಹೊರಳಾಡಿದರೆ ನಾನು ಕನ್ನಡದಲ್ಲಿ ಬೈಯಲು ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದೆ. ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಹೆಣ್ಣು ನೋಡಲು ಬಂದ ಎರಡು ಕಡೆಯವರು ಹುಡುಗಿ ಬಾಯಿ ಜೋರು ಎಂದು ಉಗ್ಗಾಣಿ ತಿಂದು ಕೈತೊಳೆದುಕೊಂಡು ಹೋಗಿದ್ದರು. ಅವರ ಮುಖಕ್ಕಿಷ್ಟು ಅಂದೆನಾದರೂ ಒಳಗೊಳಗೆ ಅಳು ಬಂದಿತ್ತು.

ಮೂರನೆಯವರು ಪತ್ತಿಕೊಂಡದ ಕಡೆಯ ಹತ್ತಿ ಬೆಳೆಗಾರರು. ಕೇಳಿದ್ದಕ್ಕೆ ಹೂಂ ಅನ್ನಬೇಕು, ಅಷ್ಟೇ, ಇದೂ ತಪ್ಪಿದರೆ ಇನ್ನು ಯಾರೂ ಬರುವುದಿಲ್ಲ ಎಂದು ಅಜ್ಜಿ ತಾಕೀತು ಮಾಡಿದ್ದಳು. ನಾನು ವಿಭೂತಿ ಹಚ್ಚಿಕೊಂಡು, ತಲೆ ಬಗ್ಗಿಸಿ, ಕಲ್ಲು ಬಸವಣ್ಣನ ಹಾಗೆ ಪಡಸಾಲೆಯಲ್ಲಿ ಕುಳಿತೆ.

ಅವರು ಬಂದಾಗ ನಾಯಿ ವರನ ಅಪ್ಪನ ಮೇಲೆ ಎಗರಿತು, ವರನ ಸೋದರಮಾವನನ್ನು ಕಂಡು ರಂಪ ಮಾಡಿತು. ವರ ಕಾಲಿಟ್ಟದ್ದೇ ತಡ, ಬಾಲ ಆಡಿಸಿ ಕುಂಯ್ ಎಂದು ರಾಗ ತೆಗೆಯಿತು. ಅವನು ಕಾಲಿನಿಂದ ಮೆಲ್ಲಗೆ ದೂಡಿದ. ಅದು ಇನ್ನೂ ಉದ್ದಕ್ಕೆ ಎಳೆಯಿತು. ಇವನು ರೊಟ್ಟಿ ಹಾಕಿದ್ದಾನೆ, ಅಂದರೆ ಈ ಅಂಗಳಕ್ಕೆ ಬಂದಿದ್ದಾನೆ, ಅಂದರೆ ನನ್ನ ಬಾಯಿ ಕೇಳಿದ್ದಾನೆ! ಬಾಯಿಗೆ ಬೀಗ ಹಾಕಿ ಕುಳಿತದ್ದೆಲ್ಲ ನೀರಲ್ಲಿ ಮಾಡಿದ ಹೋಮ.

"ನೀವು ಮೊದ್ಲ ಬಂದಿದ್ರಿ, ಹೌದಲ್ರಿ?" ಎಂದು ಕೇಳಿಯೇ ಬಿಟ್ಟೆ. ಅಜ್ಜಿ ಹಿಂದಿನಿಂದ ಚಿವುಟಿದಳು.

ಅವನ ಕಿವಿ ಕೆಂಪಾಯಿತು. ಗಾಡಿಯವರ ಜೊತೆ ಮೂಟೆ ಇಳಿಸಲು ಬಂದಿದ್ದೆ ಎಂದು ನೆಲ ನೋಡುತ್ತಾ ಒಪ್ಪಿಕೊಂಡ. ಹುಡುಗಿ ನಾಯಿಗೆ ಬೈದದ್ದೇನಾದರೂ ಕಿವಿಗೆ ಬಿತ್ತೇ ಎಂದು ಅಜ್ಜಿ ಅಂಜುತ್ತಾ ವಿಚಾರಿಸಿದಳು.

"ಕೇಳೀನ್ರಿ ಅವ್ವಾ. ಅದನ್ನ ಮತ್ತ ಕೇಳಾಕಂತನ ಇನ್ನೆರಡು ಸಲ ಸುಮ್ನ ಬಂದಿದ್ದೆ."

ನಾಯಿ ಇನ್ನೂ ಕುಂಯ್ ಎನ್ನುತ್ತಲೇ ಇತ್ತು. ಸಾಕು ಬಾಯಿ ಮುಚ್ಚು ಎಂದು ಅದಕ್ಕೆ ಬೈದೆ, ಬೀದಿಯ ಕೊನೆಯವರೆಗೂ ಕೇಳುವಂತೆ.